ಅವಸರದ ಗಂಜಿ

ಸಕಲೇಶಪುರದ ಕಡೆ ಬೆಳಿಗ್ಗೆ ಯಾರಾದರೂ "ತಿಂಡಿ ಆಯ್ತಾ?" ಎಂದರೆ "ಗಂಜಿ ಆಯ್ತು" ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಯಾಕ್ರೀ, ಮೈ ಹುಷಾರಿಲ್ವಾ?" ನಮ್ಮ ಸೀಮೆಯಲ್ಲಿ ಮರ್ಯಾದೆಯ ತಿಂಡಿ ಎಂದರೆ ಅಕ್ಕಿ ರೊಟ್ಟಿ, ಕಡುಬು, ಒತ್ತು ಶ್ಯಾವಿಗೆ. ಗಂಜಿಯೇನಿದ್ದರೂ ಜ್ವರ ಬಂದವರಿಗೆ, ಹಲ್ಲು ಬಿದ್ದವರಿಗೆ, ಹಲ್ಲು ಇನ್ನೂ ಬಾರದವರಿಗೆ. ನೆರೆ ಬಂದಾಗ ಸರ್ಕಾರ ತೆರೆಯುವ ಆಸರೆಗೂ ಜನರ ಬಾಯಲ್ಲಿ ಗಂಜಿ ಕೇಂದ್ರವೆಂದೇ ಹೆಸರು. ಹೀಗೆ ಸಂಕಟದ ಸಹವಾಸ ಗಂಜಿಯನ್ನು ಬಿಟ್ಟಿಲ್ಲ.

ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡ ದಿನಗಳಲ್ಲಿ ಅಡುಗೆಮನೆಯ ಮರ್ಯಾದೆಯೆಲ್ಲ ಕೊಂಚ ಸಡಿಲವಾಗುತ್ತದೆ. ಎಲ್ಲೋ ಸಿಲ್ವರ್ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋಗಿರುತ್ತದೆ. ಮಿಕ್ಸಿ ಮೂಲೆ ಸೇರಿರುತ್ತದೆ. ಶಾಲೆಗೆ ರಜೆಯೋ ಅಲ್ಲವೋ ಎಂಬುದು ಮೇಲಿನಿಂದ ಆದೇಶ ಬರುವ ತನಕ ದೇವರಿಗೂ ತಿಳಿಯದು. ರೊಟ್ಟಿಗೆ ಹಿಟ್ಟು ಉಕ್ಕರಿಸಿ, ನಾದಿ, ತಟ್ಟಿ, ಕಾಯಿಚಟ್ನಿ ಅರೆಯುವಷ್ಟರಲ್ಲಿ ಮಕ್ಕಳ ಬಸ್ಸು ದೋಣಿಗಾಲ್ ದಾಟಿರುತ್ತದೆ. ಆಗ ನೆನಪಾಗುವುದು ಅಕ್ಕಿತರಿಯ ಡಬ್ಬ.

ಒಂದು ಲೋಟ ತರಿಗೆ ಆರು ಲೋಟ ನೀರು, ಚಿಟಿಕೆ ಉಪ್ಪು. ಹತ್ತು ಹನ್ನೆರಡು ನಿಮಿಷದಲ್ಲಿ ತರಿ ಅರಳಿ, ನೀರು ಮಂದವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಬೆಲ್ಲ, ಕುಟ್ಟಿದ ಏಲಕ್ಕಿ, ಬಿಸಿ ಹಾಲು. ಕೊನೆಗೆ ಪುಟ್ಟಬಾಳೆಯ ಹಣ್ಣಿನ ಬಿಲ್ಲೆಗಳು. ಬೆಲ್ಲ, ಹಾಲು ಒಟ್ಟಿಗೆ ಕುದಿಯಬಾರದು, ಹಾಲು ಒಡೆಯುತ್ತದೆ. ಬಾಳೆಹಣ್ಣೂ ಕುದಿಯಬಾರದು, ಬಣ್ಣ ಕೆಡುತ್ತದೆ. ತರಿ ರಾಜಮುಡಿ ಅಕ್ಕಿಯದ್ದಾದರೆ ಗಂಜಿಗೆ ನಸುಗೆಂಪು ಬಣ್ಣ ಬರುತ್ತದೆ, ಬೇಯಲು ಇನ್ನಷ್ಟು ಹೊತ್ತು ಬೇಕಾಗುತ್ತದೆ.

ಹಣ್ಣುಗಳೆಲ್ಲ ಬಾಳೆಯಷ್ಟು ಸಾಧುವಲ್ಲ. ಅನಾನಸನ್ನು ಹಸಿಯಾಗಿ ಹಾಲಿನ ಗಂಜಿಗೆ ಹಾಕಿದರೆ, ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಮೊದಲೇ ಬೆಲ್ಲದ ಜೊತೆ ಚೆನ್ನಾಗಿ ಬೇಯಿಸಿಕೊಂಡರೆ ಆ ಕಿಣ್ವ ಸಾಯುತ್ತದೆ, ಪರಿಮಳ ಉಳಿಯುತ್ತದೆ. ಹಲಸಿನ ತೊಳೆ ಗಂಜಿಯೊಳಗೇ ಬೇಯಬಲ್ಲದು. ಆದರೆ ಮುಂಗಾರು ಜೋರಾದ ಮೇಲೆ ಹಣ್ಣು ನೀರುನೀರಾಗುವುದರಿಂದ ಅದಕ್ಕೆ ಜೂನ್ ಮೊದಲ ವಾರಗಳೇ ಸರಿ. ಕಿತ್ತಳೆಯದು ಬೇರೆ ರಾಜಕೀಯ. ಅದರ ಹುಳಿಗೂ ಹಾಲಿಗೂ ಆಗಿಬರುವುದಿಲ್ಲ. ತಟ್ಟೆಯ ಪಕ್ಕದಲ್ಲಿ ಇರಬೇಕು, ಬಟ್ಟಲೊಳಗಲ್ಲ. ಒಂದು ಕಾಲಕ್ಕೆ ಕಾಫಿ ಗಿಡಗಳ ನಡುವೆ ಧಾರಾಳವಾಗಿದ್ದ ಈ ಮರಗಳನ್ನು ಗ್ರೀನಿಂಗ್ ರೋಗ ಬಹುಮಟ್ಟಿಗೆ ತೆಗೆದುಕೊಂಡು ಹೋಯಿತು. ಈಗ ಕಿತ್ತಳೆಯನ್ನೂ ಸಂತೆಯಿಂದಲೇ ತರುತ್ತೇವೆ.

ಆಲೂರು ದಾಟಿ ಹಾಸನದ ಕಡೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ರಾಗಿ ಹೊಲ ಕಾಣಿಸುತ್ತದೆ, ಗಂಜಿಯ ಬಣ್ಣವೂ ಬದಲಾಗುತ್ತದೆ. ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿನೀರಿಗೆ ಸುರಿಯಬೇಕು. ಒಣಹಿಟ್ಟನ್ನೇ ಕುದಿನೀರಿಗೆ ಉದುರಿಸಿದರೆ ಹೊರಪದರ ತಕ್ಷಣ ಬೆಂದು ಅಂಟಾಗಿ, ಒಳಗಿನ ಹಿಟ್ಟು ಹಸಿಯಾಗೇ ಉಳಿದು ಗಂಟು ಕಟ್ಟುತ್ತದೆ. ಬಾಳೆಹಣ್ಣು ಇದಕ್ಕೂ ಒಗ್ಗುತ್ತದೆ.

ಈಚೆಗೆ ಹೋಂಸ್ಟೇಗಳಿಗೆ ಬರುವ ಬೆಂಗಳೂರಿನವರು ಅಕ್ಕಿ ರೊಟ್ಟಿಯ ಫೋಟೋ ತೆಗೆದುಕೊಂಡು, ಮೆಲ್ಲಗೆ "ಓಟ್ಸ್ ಇದೆಯಾ ಆಂಟಿ?" ಎಂದು ಕೇಳುತ್ತಾರಂತೆ. ಓಟ್ಸ್ ಮೇಲೆ ನನಗೇನೂ ಹಗೆಯಿಲ್ಲ. ಗಿರಣಿಯಲ್ಲಿ ಕಾಳನ್ನು ಹಬೆಯಲ್ಲಿ ಬೇಯಿಸಿ, ರೋಲರುಗಳ ನಡುವೆ ಒತ್ತಿ ಚಪ್ಪಟೆ ಮಾಡಿರುವುದರಿಂದಲೇ ಅದು ಒಲೆಯ ಮೇಲೆ ಬೇಗ ಬೇಯುವುದು. ನಮ್ಮ ಅವಲಕ್ಕಿಯದೂ ಹೆಚ್ಚುಕಡಿಮೆ ಇದೇ ಕಥೆ. ಅಂದರೆ ಮೂರು ನಿಮಿಷದ ತಿಂಡಿಯ ಉಳಿದ ನಿಮಿಷಗಳನ್ನು ಬೇರೆ ಯಾರೋ ಮೊದಲೇ ದುಡಿದಿಟ್ಟಿರುತ್ತಾರೆ. ನಾವು ಪೊಟ್ಟಣದ ಬೆಲೆಯಲ್ಲಿ ಆ ದುಡಿಮೆಯ ಕೂಲಿಯನ್ನೂ ಕೊಡುತ್ತೇವೆ.

ತರಿಯ ಡಬ್ಬದಲ್ಲಿ ಆ ದುಡಿಮೆ ಮನೆಯದೇ. ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಇನ್ನೂ ಘಟ್ಟ ಹತ್ತದ ಏಪ್ರಿಲ್–ಮೇ ತಿಂಗಳಲ್ಲಿ ಅಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಘಮ್ಮೆನ್ನುವವರೆಗೆ ಹುರಿದು, ಒಡೆಸಿಡುತ್ತಾರೆ. ಹುರಿದದ್ದರಿಂದ ತೇವ ಹೋಗಿ ಮಳೆಗಾಲದ ಥಂಡಿಗೆ ಮುಗ್ಗುವುದಿಲ್ಲ, ಬೇಗ ಹುಳ ಬೀಳುವುದಿಲ್ಲ. ಒಡೆದದ್ದರಿಂದ ಕಾಳಿನ ನಡುವಿಗೆ ನೀರು ಬೇಗ ಇಳಿಯುತ್ತದೆ. ಮಳೆಗಾಲದ ಹತ್ತು ನಿಮಿಷದ ಗಂಜಿಯ ಹಿಂದೆ ಬೇಸಿಗೆಯ ಒಂದು ಇಡೀ ಮಧ್ಯಾಹ್ನ ಇರುತ್ತದೆ. ಆ ಮಧ್ಯಾಹ್ನ ಬಹುಪಾಲು ಮನೆಯ ಹೆಂಗಸರದ್ದು ಎಂಬುದನ್ನು ಗಂಜಿ ಹೊಗಳುವ ಗಂಡಸರು ಮರೆಯುವುದುಂಟು.

ಆದ್ದರಿಂದ ಮುಂದಿನ ಬೇಸಿಗೆಯಲ್ಲಿ ಬಾಣಲೆಯ ಮುಂದೆ ಗಂಡಸರೂ ಕೂರಲಿ. ಒಂದು ಸೇರು ಅಕ್ಕಿ ಹುರಿದು ಒಡೆಸಿ, ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿಡಿ. ಮನೆಗೆ ನೆಂಟರು ಬಂದಾಗಲೂ ಸಂಕೋಚವಿಲ್ಲದೆ ಗಂಜಿ ಬಡಿಸಿ. ಏಲಕ್ಕಿ, ಬಾಳೆಹಣ್ಣು ಬಿದ್ದ ಬಟ್ಟಲನ್ನು ಬೇಡವೆಂದವರನ್ನು ನಾನಿನ್ನೂ ನೋಡಿಲ್ಲ.