ಇನ್ನೋವಾ ವಿಚಾರ, ಜೊತೆಗೆ ಹಾಲು ತೊಂಡೆ ವಿಚಾರ

ಸೊಪ್ಪಿನ ತೋಟಕ್ಕೆ ಗೊಬ್ಬರ ಕೊಡೋ ಲೆಕ್ಕ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ಸಲಕ್ಕೆ ಇರಲಿ. ಇವತ್ತು ಒಂದು ಕಾರಿನ ಕಂಪನಿ ವಿಚಾರ ಬರೀತೀನಿ. ರೈತನಿಗ್ಯಾಕಪ್ಪ ಕಾರಿನ ಸುದ್ದಿ ಅಂತ ಬಿಟ್ಟು ಹೋಗಬೇಡಿ, ಸುತ್ತಿ ಬಳಸಿ ನಮ್ಮ ಹುಳದ ಮನೆಗೇ ಬರ್ತೀನಿ. ಬರಲೇಬೇಕಾಗಿದೆ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಮ್ಮ ಹುಡುಗ ಆರು ವರ್ಷದಿಂದ ಬೆಂಗಳೂರಲ್ಲಿ ಬೇರೆಯವರ ಗಾಡಿ ಓಡಿಸ್ತಿದ್ದಾನೆ. ಈಗ ಸ್ವಂತದ್ದು ಬೇಕಂತೆ. ಒಂದು ಇನ್ನೋವಾ ನೋಡಿಟ್ಟಿದ್ದಾನೆ. ಹಳದಿ ಬೋರ್ಡಿನದು, ಏಳು ವರ್ಷ ಆಗಿದೆ, 3 ಲಕ್ಷದ 10 ಸಾವಿರ ಕಿಲೋಮೀಟರ್ ಓಡಿದೆ. ಕೇಳ್ತಿರೋದು ಒಂಬತ್ತೂವರೆ ಲಕ್ಷ. ಅವನ ಹತ್ರ ಮೂರು ಲಕ್ಷ ಇದೆ. ಉಳಿದಿದ್ದಕ್ಕೆ ತೆಂಗಿನ ತೋಟದ ಮೇಲೆ ಸಾಲ ಎತ್ತಬೇಕು, ಅಂದ್ರೆ ನಾನು ಸೈನ್ ಹಾಕಬೇಕು. ನಾನಂದೆ, "ಲೋ, ಮೂರು ಲಕ್ಷ ಕಿಲೋಮೀಟರ್ ಓಡಿರೋ ಗಾಡಿಗೆ ಒಂಬತ್ತೂವರೆ ಲಕ್ಷನಾ? ಹಲ್ಲು ಉದುರಿದ ಎತ್ತಿಗೆ ಯಾರಾದ್ರೂ ಜೋಡಿ ರೇಟು ಕೊಡ್ತಾರೇನೋ?" ಅದಕ್ಕೆ ಅವನು ಬೇರೆ ಏನೂ ವಾದ ಮಾಡಲಿಲ್ಲ. "ಅಪ್ಪ, ಅದು ಟೊಯೋಟಾ" ಅಂದ. ಅಷ್ಟೇ.

ಬರೀ ಒಂದು ಹೆಸರಿಗೆ ಅಷ್ಟು ಬೆಲೆ ಹೆಂಗೆ ಬಂತು ಅಂತ ನನಗೆ ತಲೇಲಿ ಕೊರೆಯೋಕೆ ಶುರುವಾಯ್ತು. ಕೊನೇ ಜ್ವರ ಎದ್ದ ಹುಳಕ್ಕೆ ರಾತ್ರಿ ಸೊಪ್ಪು ಹಾಕಿ ಕೂತಾಗ ಫೋನಿನಲ್ಲಿ ಓದ್ತಾ ಹೋದೆ. ಇಂಗ್ಲಿಷ್ ಇದ್ದಿದ್ದನ್ನ ಮಗಳ ಕೈಲಿ ಓದಿಸಿಕೊಂಡೆ. ಹತ್ತನೇ ಕ್ಲಾಸಿನವನಿಗೆ ಎಷ್ಟು ತಿಳಿಯುತ್ತೋ ಅಷ್ಟು ಇಲ್ಲಿ ಬರೀತಿದೀನಿ.

ಈ ಕಂಪನಿ ಶುರುವಾಗಿದ್ದು ಕಾರಿನಿಂದ ಅಲ್ಲ, ಮಗ್ಗದಿಂದ. ಸಕೀಚಿ ಟೊಯೋಡಾ ಅಂತ ಒಬ್ಬ, 1867ರಲ್ಲಿ ಜಪಾನಿನ ಒಂದು ಹಳ್ಳೀಲಿ ಬಡಗಿಯ ಮಗನಾಗಿ ಹುಟ್ಟಿದವನು. ಅವರಮ್ಮ ಮನೇಲಿ ಮಗ್ಗ ನೇಯ್ತಿದ್ದರು. ಆ ಕಷ್ಟ ನೋಡಿ ಹುಡುಗ ಮಗ್ಗ ಸುಧಾರಿಸೋಕೆ ಕೈ ಹಾಕಿದ. 1891ರಲ್ಲಿ ಅವನ ಮರದ ಕೈಮಗ್ಗಕ್ಕೆ ಪೇಟೆಂಟ್ ಸಿಕ್ತು, ಆಗ ಅವನಿಗೆ 24 ವರ್ಷ. ಆಮೇಲೆ ಯಂತ್ರದ ಮಗ್ಗ. 1924ರಲ್ಲಿ ಮಾಡಿದ ಮಗ್ಗದಲ್ಲಿ ಒಂದು ಗುಣ ಇತ್ತು: ದಾರ ಹರಿದ್ರೆ ಮಗ್ಗ ತಾನೇ ನಿಲ್ಲುತ್ತೆ. ನಮ್ಮ ಕಡೆ ನೂಲು ತೆಗೆಯೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಾಗಿಲ್ಲ. ಎಳೆ ತುಂಡಾಗಿದ್ದು ಯಾರೂ ನೋಡದೆ ಹೋದ್ರೆ ಮಗ್ಗ ಓಡ್ತಾನೇ ಇರುತ್ತೆ, ಬಟ್ಟೆಯೂ ಬರ್ತಾನೇ ಇರುತ್ತೆ, ಆದ್ರೆ ಎಲ್ಲಾ ಹಾಳು ಬಟ್ಟೆ. ಅದನ್ನ ಕಾಯೋಕೆ ಮಗ್ಗದ ಮುಂದೆ ಆಳು ನಿಂತೇ ಇರಬೇಕು. ತಾನೇ ನಿಲ್ಲೋ ಮಗ್ಗ ಆದ್ರೆ ಒಬ್ಬಳೇ ಹೆಂಗಸು ಎಷ್ಟೋ ಮಗ್ಗ ನೋಡ್ಕೋಬಹುದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅನ್ನೋ ಕಂಪನಿ ಆ ಮಗ್ಗದ ಹಕ್ಕನ್ನ ಒಂದು ಲಕ್ಷ ಪೌಂಡಿಗೆ ಮಾತಾಡಿ ತಗೊಂಡಿತು. ಇಡೀ ಲೋಕಕ್ಕೆ ನೇಯ್ಗೆ ಮಿಷಿನ್ ಮಾರುತ್ತಿದ್ದ ಇಂಗ್ಲೆಂಡಿನವರು ಜಪಾನಿನ ಬಡಗಿ ಮಗನ ಹತ್ರ ಮಗ್ಗ ಕಲಿತರು ಅಂದ್ರೆ ಯೋಚನೆ ಮಾಡಿ.

ಸಕೀಚಿ ಮಾರನೇ ವರ್ಷ ತೀರಿಕೊಂಡ. ಮಗ ಕೀಚಿರೊಗೆ ಕಾರಿನ ಹುಚ್ಚು. ಮಗ್ಗದ ಕಾರ್ಖಾನೆ ಒಳಗೇ 1933ರಲ್ಲಿ ಕಾರಿನ ವಿಭಾಗ ಮಾಡಿದ. ಅವರಪ್ಪ ಇದ್ದಿದ್ರೆ ಸೈನ್ ಹಾಕ್ತಿದ್ನೋ ಇಲ್ವೋ ನಾನು ಹೇಳಲಾರೆ, ನನಗೀಗ ಅದೇ ಚಿಂತೆ. 1935ರಲ್ಲಿ ಮೊದಲ ಲಾರಿ ಹೊರಗೆ ಬಂತು. ಈಗ ಕೇಳಿದ್ರೆ ಯಾರೂ ನಂಬಲ್ಲ, ಆ ಲಾರಿಗಳು ದಾರೀಲಿ ಕೆಟ್ಟು ನಿಲ್ತಿದ್ವು. ಕಂಪನಿಯವರೇ ನಿಂತ ಜಾಗಕ್ಕೆ ಓಡಿ ಹೋಗಿ ರಿಪೇರಿ ಮಾಡಿಕೊಡಬೇಕಾಗ್ತಿತ್ತು. 1937ರಲ್ಲಿ ಕಾರಿನ ಕಂಪನಿ ಬೇರೆಯಾಯ್ತು. ಟೊಯೋಡಾ ಅನ್ನೋ ಮನೆತನದ ಹೆಸರಿಗೆ ಅವರ ಭಾಷೇಲಿ ಸಮೃದ್ಧಿಯಾದ ಗದ್ದೆ ಅಂತ ಅರ್ಥ ಬರುತ್ತಂತೆ. ಕಾರಿಗೆ ಅದನ್ನ ಟೊಯೋಟಾ ಅಂತ ಬದಲಾಯಿಸಿದ್ರು. ಹಂಗೆ ಬರೆದ್ರೆ ಎಂಟು ಗೆರೆ ಬೀಳುತ್ತೆ, ಎಂಟು ಅವರಿಗೆ ಶುಭ. ಸಂಖ್ಯಾಶಾಸ್ತ್ರ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ!

ನನಗೆ ಕೂತಲ್ಲೇ ಮೈ ಜುಮ್ ಅಂದಿದ್ದು ಇನ್ನೊಂದು ವಿಷಯಕ್ಕೆ. ಅವರು ಮೊದಲ ದೊಡ್ಡ ಕಾರ್ಖಾನೆ ಕಟ್ಟಿದ್ದು ಕೊರೊಮೊ ಅನ್ನೋ ಊರಲ್ಲಿ. ಅದು ರೇಷ್ಮೆ ಊರು. ಗೂಡು, ನೂಲು, ಅದೇ ಅಲ್ಲಿನ ಜೀವನ. 1930ರ ಸುಮಾರಿಗೆ ಅಮೆರಿಕದ ಕಡೆ ಆರ್ಥಿಕ ಕುಸಿತ ಆಗಿ ರೇಷ್ಮೆ ಬೆಲೆ ನೆಲ ಕಚ್ಚಿದಾಗ ಆ ಊರು ಸೊರಗಿ ಹೋಯ್ತು. ಊರಿನ ಮೇಯರ್ರೇ ಮುಂದೆ ಬಿದ್ದು ಜಾಗ ಮಾಡಿಕೊಟ್ಟು ಕಾರ್ಖಾನೆ ಕರೆಸಿದ್ರು. 1938ರಲ್ಲಿ ಶುರುವಾಯ್ತು. 1959ರಲ್ಲಿ ಊರಿನ ಹೆಸರನ್ನೇ ಟೊಯೋಟಾ ಅಂತ ಬದಲಾಯಿಸಿದ್ರು. ಅಲ್ಲಿ ರೇಷ್ಮೆ ಊರಿಗೆ ಹೋದ ಕಂಪನಿ, ಅರವತ್ತು ವರ್ಷ ಆದ ಮೇಲೆ ನಮ್ಮ ರೇಷ್ಮೆ ಸೀಮೆಯ ಬಿಡದಿಗೆ ಬಂತು. ಇದು ಆಕಸ್ಮಿಕ ಇರಬಹುದು. ಆದ್ರೆ ಆ ಊರಿನ ಹೆಸರಲ್ಲಿ ರೇಷ್ಮೆ ಉಳೀಲಿಲ್ಲ ಅನ್ನೋದು ನನಗೆ ರಾತ್ರಿಯೆಲ್ಲಾ ಕಾಡ್ತು. ಈಗ ನಮ್ಮಲ್ಲೂ ಸೊಪ್ಪು ಕಿತ್ತು ಸೈಟ್ ಮಾಡೋರೇ ಜಾಸ್ತಿ.

ಯುದ್ಧ ಮುಗಿದ ಮೇಲೆ ಕಂಪನಿ ಮುಳುಗೋ ಸ್ಥಿತಿಗೆ ಬಂತು. 1950ರಲ್ಲಿ ಬ್ಯಾಂಕಿನವರು ಆಳು ಕಡಿಮೆ ಮಾಡಿ ಅಂದ್ರು, ಮುಷ್ಕರ ಆಯ್ತು, ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಹೋದ್ರು. ಕೀಚಿರೊ ಅವರ ಜೊತೆ ತಾನೂ ರಾಜೀನಾಮೆ ಕೊಟ್ಟು ಇಳಿದ. ಅದೇ ತಿಂಗಳು ಕೊರಿಯಾದಲ್ಲಿ ಯುದ್ಧ ಶುರುವಾಗಿ ಅಮೆರಿಕದ ಸೈನ್ಯ ಸಾವಿರಾರು ಲಾರಿ ಕೇಳ್ತು, ಕಂಪನಿ ಬದುಕ್ತು. ಕೀಚಿರೊ ಮಾತ್ರ 1952ರಲ್ಲಿ, ಇನ್ನೂ 57ಕ್ಕೇ, ಸತ್ತ. ಮಳೆ ಬಂದಾಗ ಬಿತ್ತಿದವನು ಇರಲ್ಲ ಅಂತಾರಲ್ಲ, ಹಂಗೆ.

ಅಮೆರಿಕಕ್ಕೆ 1957ರಲ್ಲಿ ಮೊದಲು ಕಾರು ಕಳಿಸಿದಾಗ ಅಲ್ಲಿನ ದೊಡ್ಡ ರಸ್ತೇಲಿ ಜೋರಾಗಿ ಓಡೋಕಾಗದೆ ನಗೆಪಾಟಲಾಯ್ತು. ವಾಪಸ್ ಬಂದು ತಿದ್ದಿಕೊಂಡ್ರು. 1966ರಲ್ಲಿ ಕೊರೊಲ್ಲಾ ಬಂತು, ಇವತ್ತಿಗೆ ಐದು ಕೋಟಿ ದಾಟಿದೆ. ಮೊದಲು ಕೆಟ್ಟು ನಿಲ್ತಿದ್ದ ಗಾಡಿ ಹಿಂಗಾಗಿದ್ದು ಹೆಂಗೆ? ಮಗ್ಗದ ಬುದ್ಧೀನೇ ಕಾರಿಗೆ ಹಾಕಿದ್ರು. ಅವರ ನೂಲಿನ ಗಿರಣಿಯಿಂದ ಬಂದಿದ್ದ ತೈಚಿ ಓನೊ ಅನ್ನೋ ಇಂಜಿನಿಯರ್ ಇದರಲ್ಲಿ ಮುಖ್ಯ ಮನುಷ್ಯ. ಕಾರು ಜೋಡಿಸೋ ಸಾಲಿನ ಉದ್ದಕ್ಕೂ ಒಂದು ಹಗ್ಗ. ಯಾವನೇ ಕೆಲಸದವನಿಗೆ ಏನೇ ತಪ್ಪು ಕಂಡ್ರೂ ಹಗ್ಗ ಎಳೀಬೇಕು. ಮೇಲೆ ದೀಪ ಹತ್ತುತ್ತೆ, ಮೇಸ್ತ್ರಿ ಓಡಿ ಬರ್ತಾನೆ, ಸರಿ ಮಾಡೋಕಾಗಲಿಲ್ಲ ಅಂದ್ರೆ ಇಡೀ ಸಾಲೇ ನಿಲ್ಲುತ್ತೆ. ನಿಲ್ಲಿಸಿದವನಿಗೆ ಬೈಯೋ ಹಾಗಿಲ್ಲ. ನಿಂತಷ್ಟು ಹೊತ್ತೂ ನಷ್ಟಾನೇ, ಆದ್ರೂ ನಿಲ್ಲಿಸಬೇಕು.

ನಮ್ಮ ಕಡೆ ಕಥೆ ನಿಮಗೆ ಗೊತ್ತು. ಕಿರ್ಲೋಸ್ಕರ್ ಜೊತೆ ಸೇರಿ 1997ರಲ್ಲಿ ಕಂಪನಿ ಮಾಡಿ, 1999ರ ಕೊನೇಲಿ ಬಿಡದೀಲಿ ಗಾಡಿ ತಯಾರಿಕೆ ಶುರು ಮಾಡಿದ್ರು. 2000ದಲ್ಲಿ ಕ್ವಾಲಿಸ್ ಬಂತು. ನೋಡೋಕೆ ಡಬ್ಬ, ಆದ್ರೆ ಧರ್ಮಸ್ಥಳ ತಿರುಪತಿ ಎಲ್ಲಾ ಅದರಲ್ಲೇ. ನಮ್ಮೂರಿನ ಎಷ್ಟು ಮದುವೆ ದಿಬ್ಬಣ ಅದರಲ್ಲಿ ಹೋಗಿಲ್ಲ! ಚೆನ್ನಾಗಿ ಓಡ್ತಿದ್ದಾಗಲೇ ಅದನ್ನ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದ್ರು. ಎಲ್ಲಾ ಹೊಗಳಿಕೇನೇ ಅಂದ್ಕೋಬೇಡಿ. ಬಿಡದೀಲಿ 2020ರ ನವೆಂಬರಿನಲ್ಲಿ ಕೆಲಸದ ಒತ್ತಡ ತಡೆಯೋಕಾಗಲ್ಲ ಅಂತ ಕಾರ್ಮಿಕರು ಮುಷ್ಕರ ಕೂತ್ರು, ಕಂಪನಿ ಬೀಗ ಹಾಕ್ತು, ತಿಂಗಳುಗಟ್ಟಲೆ ನಡೀತು. ಹಗ್ಗ ಎಳೆಯೋ ಅಧಿಕಾರ ಕೊಟ್ಟ ಮಾತ್ರಕ್ಕೆ ಆಳಿನ ಬೆನ್ನು ನೋವು ಹೋಗಲ್ಲ.

ಇನ್ನೂ ದೊಡ್ಡದು ಅಮೆರಿಕದಲ್ಲಿ ಆಯ್ತು. 2009ರಲ್ಲಿ ಅವರ ಲೆಕ್ಸಸ್ ಕಾರೊಂದು ವೇಗ ಹಿಡಿತಕ್ಕೆ ಸಿಗದೆ ಒಂದೇ ಕುಟುಂಬದ ನಾಲ್ಕು ಜನ ಸತ್ರು. ಕಾಲ ಕೆಳಗಿನ ಚಾಪೆ ಆಕ್ಸಿಲೇಟರಿಗೆ ಸಿಕ್ಕಿಕೊಳ್ಳೋದು ಒಂದು, ಪೆಡಲ್ಲೇ ಅಂಟಿಕೊಳ್ಳೋದು ಇನ್ನೊಂದು. ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಬೇಕಾಯ್ತು. ಕೀಚಿರೊನ ಮೊಮ್ಮಗ ಅಕಿಯೊ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಕೂತು, ನಾವು ಬೆಳೆಯೋ ಆತುರದಲ್ಲಿ ದಾರಿ ತಪ್ಪಿದ್ವಿ ಅನ್ನೋ ಅರ್ಥದಲ್ಲಿ ಕ್ಷಮೆ ಕೇಳಿದ. 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದ್ರು. ಆ ದಂಡ ಯಾಕೆ ಬಿತ್ತು ನೋಡಿ: ಪೆಡಲ್ ಕೆಟ್ಟಿದ್ದಕ್ಕಲ್ಲ, ಗೊತ್ತಿದ್ದೂ ಜನಕ್ಕೆ ಸರಿಯಾಗಿ ಹೇಳದೆ ದಾರಿ ತಪ್ಪಿಸಿದ್ದಕ್ಕೆ. 2024ರ ಜನವರೀಲಿ ಮತ್ತೊಂದು. ಡೀಸೆಲ್ ಇಂಜಿನ್ ಪರೀಕ್ಷೆಯ ಲೆಕ್ಕ ಚೆಂದ ಕಾಣೋ ಹಾಗೆ ಮಾಡಿದ್ರು ಅಂತ ಹೊರಗೆ ಬಂತು, ಇಲ್ಲೂ ಕೆಲವು ದಿನ ಕ್ರಿಸ್ಟಾ ಗಾಡಿ ಕಳಿಸೋದು ನಿಂತಿತ್ತು. ಆ ಇಂಜಿನ್ ಮಾಡಿದ್ದು ಯಾವ ಕಂಪನಿ ಅಂದ್ರೆ ಸಕೀಚಿ ಕಟ್ಟಿದ್ದ ಅದೇ ಮಗ್ಗದ ಕಂಪನಿ. ದಾರ ಹರಿದ್ರೆ ನಿಲ್ಲೋ ಮಗ್ಗ ಮಾಡಿದ ಮನೆ!

ಇದನ್ನ ಓದಿಸಿಕೊಂಡಾಗ ರಾತ್ರಿ ಹನ್ನೊಂದು ಗಂಟೆ. ಮಗಳು ಮಲಗೋಕೆ ಹೋದ್ಲು. ನನಗೆ ನಿದ್ದೆ ಬರಲಿಲ್ಲ.

ಎರಡು ವರ್ಷದ ಹಿಂದೆ ಕಾರ್ತೀಕದಲ್ಲಿ ನಾನು 150 ಮೊಟ್ಟೆ ಮೇಯಿಸಿದ್ದೆ. ಮೂರನೇ ಜ್ವರ ಎದ್ದ ಎರಡನೇ ದಿನ ನಮ್ಮ ಮನೆಯವರು, "ಹುಳ ಅಂಚಿಗೆ ಬಂದು ಓಡಾಡ್ತಿದಾವೆ, ಊದಿಕೊಂಡಿದಾವೆ, ಮುಟ್ಟಿದ್ರೆ ಹಾಲು ಬರ್ತದೆ" ಅಂದ್ರು. ಆರಿಸಿ ಬಿಸಾಕು, ಅಲ್ಲೊಂದು ಇಲ್ಲೊಂದು ಇದ್ದೇ ಇರ್ತಾವೆ ಅಂದೆ. ಇಲಾಖೆಯವರನ್ನ ಕೇಳಿ ಅಂದ್ರು, ಕೇಳಲಿಲ್ಲ. ಅವರು ಹಗ್ಗ ಎಳೆದಿದ್ರು, ದೀಪ ಹತ್ತಿತ್ತು, ಮೇಸ್ತ್ರಿ ನಾನು ಎದ್ದು ಹೋಗಲಿಲ್ಲ. ನೂರು ಕೆಜಿ ಬರಬೇಕಾದ ಗೂಡು 28 ಕೆಜಿ ಬಂತು. ಯಾರಿಗೂ ನಿಜ ಹೇಳಲಿಲ್ಲ. ಸೊಪ್ಪು ಸಾಲದೆ ಹೋಯ್ತು ಅಂದೆ.

ಇಲ್ಲಿಗೆ ಮುಗಿದಿದ್ರೆ ನನ್ನ ನಷ್ಟ ನನಗೆ. ಎಂಟು ದಿನ ಆದ ಮೇಲೆ ಪಕ್ಕದ ತೋಟದವನು, ವರಸೇಲಿ ನನಗೆ ತಮ್ಮ ಆಗಬೇಕು, ತಟ್ಟೆ ಮತ್ತೆ ಬಲೆ ಕೇಳೋಕೆ ಬಂದ. ಅವು ಎರಡು ದಿನ ಬಿಸಿಲಿಗೆ ಬಿದ್ದಿದ್ವು ಅಷ್ಟೇ, ಬ್ಲೀಚಿಂಗ್ ಪೌಡರ್ ನೀರಿಗೆ ಹಾಕಿರಲಿಲ್ಲ. ಹಾಲು ತೊಂಡೆ ಬಂದಿತ್ತು, ತೊಳೆದು ಕೊಡ್ತೀನಿ ತಡಿ ಅನ್ನೋಕೆ ಬಾಯಿ ಬರಲಿಲ್ಲ. ಚೆನ್ನಾಗಿ ಮೇಯಿಸೋನು ಅಂತ ನನಗಿರೋ ಹೆಸರು ಅಡ್ಡ ಬಂತು. ಕೊಟ್ಟೆ. ಅವನ ಬೆಳೇನೂ ಹೋಯ್ತು. ಬರೀ ಆ ತಟ್ಟೆಯಿಂದಲೇ ಹೋಯ್ತು ಅಂತ ಪ್ರಮಾಣ ಮಾಡಿ ಹೇಳೋಕಾಗಲ್ಲ, ಆದ್ರೆ ಹಾಲು ತೊಂಡೆ ಹೆಂಗೆ ಅಂಟುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವನು ಚಾಕಿ ಕೊಟ್ಟವನನ್ನ ಹಿಡಿದ. ಅರಳಿಕಟ್ಟೆ ಹತ್ರ ಎಲ್ಲರ ಮುಂದೆ, ರೋಗದ ಹುಳ ಕೊಟ್ಟೆ ಅಂತ ಕೊರಳಪಟ್ಟಿಗೆ ಕೈ ಹಾಕಿದ. ನಾನು ಅಲ್ಲೇ ಎಲೆ ಅಡಿಕೆ ಹಾಕ್ಕೊಂಡು ನಿಂತಿದ್ದೆ. ಬಿಡಿಸೋಕೆ ಹೋದವನೂ ನಾನೇ, ಸಮಾಧಾನ ಹೇಳಿದವನೂ ನಾನೇ. ಆಮೇಲೆ ನಮ್ಮೂರಿಂದ ಆ ಚಾಕಿಯವನ ಹತ್ರ ಹೋಗೋರು ಅರ್ಧಕ್ಕರ್ಧ ಕಡಿಮೆ ಆದ್ರು.

ಹೋದ ಶುಕ್ರವಾರ ತಮ್ಮನ ಮನೆಗೆ ಹೋಗಿ ಹೇಳಿದೆ. ಅವನು ಬೀಡಿ ಹಚ್ಚಿ ಮುಗಿಯೋವರೆಗೂ ಮಾತಾಡಲಿಲ್ಲ. ಆಮೇಲೆ, "ಆವತ್ತೇ ಹೇಳಬಾರದಾಗಿತ್ತಾ ಅಣ್ಣ" ಅಂದ. ಅವನ ಹೆಂಡತಿ ಕಾಫಿ ತಂದಿಟ್ಟರು, ಮುಖ ನೋಡಲಿಲ್ಲ. ದುಡ್ಡಿನ ಮಾತು ನಾನೇ ಎತ್ತಿದೆ, ಈ ಬೆಳೆ ಗೂಡಿನ ದುಡ್ಡಲ್ಲಿ 15 ಸಾವಿರ ಕೊಡ್ತೀನಿ ಅಂತ. ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಕೊಡ್ತೀನಿ.

ಚಾಕಿಯವನ ಹತ್ರಾನೂ ಹೋದೆ. ಅವನು ಬೈಯಲಿಲ್ಲ. "ಯಜಮಾನರೇ, ಆವತ್ತು ನನ್ನ ಬೈದಿದ್ದು ಎಲ್ಲರ ಮುಂದೆ. ಇದನ್ನೂ ಎಲ್ಲರ ಮುಂದೆ ಹೇಳಿ" ಅಂದ. ಅದಕ್ಕೇ ಇಲ್ಲಿ ಬರೆದಿದೀನಿ. ಈ ಪೇಜು ನಮ್ಮ ಹೋಬಳಿಯ ಎಲ್ಲಾ ರೇಷ್ಮೆಯವರೂ ನೋಡ್ತೀರಿ. ಆವತ್ತಿನ ತಪ್ಪು ಚಾಕಿಯವನದಲ್ಲ. ಕಾಮೆಂಟಿನಲ್ಲಿ ನನಗೆ ಏನು ಬೈಯಬೇಕೋ ಬೈರಿ, ಅವನ ಹೆಸರು ಯಾರೂ ಎತ್ತಬೇಡಿ. ಆ ಸಲ ನನ್ನ ತಟ್ಟೆ, ಬಲೆ ಬೇರೆ ಯಾರಾದ್ರೂ ತಗೊಂಡು ಹೋಗಿದ್ರೆ, ಒಯ್ದವರು ನೆನಪು ಮಾಡ್ಕೊಂಡು ಫೋನ್ ಮಾಡಿ.

ಗಾಡಿ ವಿಚಾರ ಇನ್ನೂ ಮುಗಿದಿಲ್ಲ. ಭಾನುವಾರ ಚನ್ನಪಟ್ಟಣಕ್ಕೆ ನೋಡೋಕೆ ಹೋಗ್ತಿದೀವಿ. ಟೊಯೋಟಾ ಅನ್ನೋದಕ್ಕೆ ಅಷ್ಟು ಬೆಲೆ ಯಾಕೆ ಅಂತ ಈಗ ತಿಳೀತು, ಆದ್ರೆ ಮೂರು ಲಕ್ಷ ಕಿಲೋಮೀಟರ್ ಓಡಿಸಿದವನು ಟೊಯೋಟಾದವನಲ್ಲ, ಯಾರೋ ನಮ್ಮಂಥವನು. ಎಲ್ಲಾದ್ರೂ ಗುದ್ದಿಸಿ ಮುಚ್ಚಿಟ್ಟಿದಾನಾ, ಮೀಟರ್ ತಿರುಗಿಸಿದಾನಾ ಅಂತ ನೋಡೋರು ಬೇಕು. ಡೀಸೆಲ್ ಇನ್ನೋವಾ ಕೆಲಸ ಚೆನ್ನಾಗಿ ಗೊತ್ತಿರೋ ಮೆಕ್ಯಾನಿಕ್ ಯಾರಾದ್ರೂ ನಿಮಗೆ ಪರಿಚಯ ಇದ್ರೆ ಶನಿವಾರ ಸಂಜೆ ಒಳಗೆ ತಿಳಿಸಿ. ಹೋಗಿ ಬರೋ ಖರ್ಚು, ಊಟ ನಮ್ಮದು.