ಪಂಚಿಂಗ್ ಬ್ಯಾಗು ಮತ್ತು ಅವ್ವನ ಕೌದಿ

ಐವತ್ತೆರಡನೇ ವಯಸ್ಸಿನಲ್ಲಿ ನಾನು ಬಾಕ್ಸಿಂಗ್ ಕಲಿಯುತ್ತಿದ್ದೇನೆ ಎಂದರೆ ಡೊಂಬಿವಲಿಯ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಕಾರಣ ಹೇಳಲು ಸಂಕೋಚ, ಆದರೂ ಹೇಳಿಬಿಡುತ್ತೇನೆ. ಅವ್ವನಿಗೆ ಈಗ ಮರೆವಿನ ಕಾಯಿಲೆ. "ಊರಾಗ ಮಳಿ ಆತೇನೋ?" ಅಂತ ಗಂಟೆಗೆ ಹತ್ತು ಸಲ ಕೇಳುತ್ತಾಳೆ. ಒಂದು ರಾತ್ರಿ, ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದ ಸುಸ್ತಿನಲ್ಲಿ, ಅವಳ ಮೇಲೆ ಕಿರುಚಿಬಿಟ್ಟೆ. ಹೆದರಿ ಗೋಡೆಗೆ ಸರಿದು ಕೂತಳು. ಆ ಮುಖ ಇನ್ನೂ ಕಣ್ಣ ಮುಂದಿದೆ. ಮರುವಾರವೇ ಮನೆ ಹತ್ತಿರದ ಬಾಕ್ಸಿಂಗ್ ಕ್ಲಾಸಿಗೆ ಸೇರಿದೆ. ಸಿಟ್ಟು ಇಳಿಸಲು ಬೇರೆ ಜಾಗ ಬೇಕಿತ್ತು.

ಮೂರು ತಿಂಗಳಾದ ಮೇಲೆ ಮನೆಯಲ್ಲೂ ಒಂದು ಬ್ಯಾಗ್ ಇರಲಿ ಅನ್ನಿಸಿತು. ವಿಟಿಯಲ್ಲಿಳಿದು ಧೋಬಿ ತಲಾವಿನ ಆಟದ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಒಬ್ಬ ಅಂಗಡಿಯವ "ಮರಳು ತುಂಬಿಸಿ, ಗಟ್ಟಿ ಇರುತ್ತೆ" ಎಂದ. ಕೋಚ್‌ಗೆ ಫೋನ್ ಮಾಡಿದರೆ ಬೈದರು. ಮರಳು ದಿನ ಕಳೆದಂತೆ ಕೆಳಗಿಳಿದು ಬುಡ ಕಲ್ಲಾಗುತ್ತದಂತೆ, ಹೊಸಬರ ಮಣಿಕಟ್ಟು ಉಳುಕುವುದು ಅಲ್ಲೇ. ತೂಕಕ್ಕೆ ಅವರ ಲೆಕ್ಕ ಸರಳ: ನಮ್ಮ ತೂಕದ ಸುಮಾರು ಅರ್ಧ. ನಾನು 70 ಕಿಲೋ, ಅಂದರೆ 35ರ ಆಸುಪಾಸು. ತೀರಾ ಹಗುರಾದರೆ ಜೋಕಾಲಿ, ತೀರಾ ಭಾರವಾದರೆ ಗೋಡೆ! ಬರೀ ಕೈಯ ಆಟಕ್ಕೆ 4 ಅಡಿ ಉದ್ದ ಸಾಕು, ಒದೆಯಲು ಕಲಿಯುವವರಿಗೆ 6 ಅಡಿ. ಚರ್ಮದ್ದು ಬಾಳಿಕೆ ಬರುತ್ತದೆ, ಆದರೆ ನಮ್ಮ ಮುಂಬಯಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ರೆಕ್ಸಿನ್ನಿನ ಖಾಲಿ ಬ್ಯಾಗ್ ತಂದೆ.

ಫ್ಯಾನಿನ ಹುಕ್ಕಿಗೆ ನೇತುಹಾಕುವ ಯೋಚನೆ ಇತ್ತು. ನೀವು ಆ ಕೆಲಸ ಮಾಡಬೇಡಿ. ಗುದ್ದಿದಾಗ ತೂಗಾಡುವ ಬ್ಯಾಗ್ ತನ್ನ ತೂಕಕ್ಕಿಂತ ಹೆಚ್ಚು ಎಳೆಯುತ್ತದೆ. ಗೌಂಡಿಯನ್ನು ಕರೆಸಿ ಕಾಂಕ್ರೀಟ್ ತೊಲೆಗೆ ಬೋಲ್ಟ್ ಹಾಕಿಸಿದೆ. ಬಾಡಿಗೆ ಮನೆಯವರಿಗೆ, ಬುಡದಲ್ಲಿ ನೀರು ತುಂಬಿ ನೆಲದ ಮೇಲೆ ನಿಲ್ಲಿಸುವ ಬ್ಯಾಗೇ ವಾಸಿ. ಗುದ್ದಿದರೆ ಸ್ವಲ್ಪ ಸರಿಯುತ್ತದೆ, ಅಷ್ಟೆ.

ತುಂಬಲು ಹಳೆ ಬಟ್ಟೆಗಳನ್ನು ರಾಶಿ ಹಾಕಿದ್ದೆ. ಅವ್ವ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

"ಕೌದಿ ಹೊಲಿಯಾಕೇನಪಾ?"

"ಹೂಂ ಅವ್ವಾ" ಎಂದೆ.

ಮೊಮ್ಮಗಳ ಹೆಸರು ಮರೆತವಳ ಕೈಗೆ ಕೌದಿ ಕೆಲಸ ಮರೆತಿರಲಿಲ್ಲ. ಗುಂಡಿ, ಜಿಪ್ಪುಗಳನ್ನು ಕಿತ್ತು ಬದಿಗಿಟ್ಟಳು. ಸೀರೆಗಳನ್ನು ಸರಸರ ಹರಿದು ಪಟ್ಟಿ ಮಾಡಿ ಕೊಟ್ಟಳು. ನಾನು ಪದರ ಪದರವಾಗಿ ಹಾಕಿ ಕೋಲಿನಿಂದ ಜಡಿದೆ. ಒಂದು ಇಳಕಲ್ ಸೀರೆ ಕೈಗೆ ಬಂದಾಗ ಮಾತ್ರ ನಿಂತಳು. "ಇದನ್ನ ಹರೀಬ್ಯಾಡ, ನಿಮ್ಮಪ್ಪ ತಂದದ್ದು." ಅದನ್ನು ಮಡಚಿ ಟ್ರಂಕಿನಲ್ಲಿಟ್ಟೆ. ಅಷ್ಟರಲ್ಲಿ ಮಳೆಯ ಪ್ರಶ್ನೆ ನಾಲ್ಕು ಸಲ ಬಂತು. ನಾಲ್ಕೂ ಸಲ ಉತ್ತರ ಕೊಟ್ಟೆ. ಬ್ಯಾಗ್ ತೂಗಿದರೆ 33 ಕಿಲೋ!

ಈಗ ಆಫೀಸಿನಿಂದ ಬಂದವನು ಮೊದಲು ಕೈಗೆ ನಾಲ್ಕೂವರೆ ಮೀಟರ್ ಪಟ್ಟಿ ಸುತ್ತಿ, ಗ್ಲೋವ್ಸ್ ಹಾಕಿ, ಎರಡೆರಡು ನಿಮಿಷದ ಮೂರು ಸುತ್ತು ಗುದ್ದುತ್ತೇನೆ. ಆಮೇಲೆ ಅವ್ವನ ಹತ್ತಿರ ಕೂರುತ್ತೇನೆ. ಸಿಟ್ಟು ಹೋಯಿತೇ ಅಂದರೆ, ಪೂರ್ತಿ ಇಲ್ಲ. ಮೊನ್ನೆಯೂ ದನಿ ಏರಿತು. ಆದರೆ ಅವಳು ಗೋಡೆಗೆ ಸರಿಯುವ ಮೊದಲೇ ನನಗೆ ಗೊತ್ತಾಯಿತು.

ಇರಲಿ. ನಿಮ್ಮೂರಿನ ಕಡೆ ಮಳೆ ಆಯಿತೇ? ಗೊತ್ತಿದ್ದರೆ ತಿಳಿಸಿ, ಅವ್ವನಿಗೆ ಹೇಳಬೇಕು.