ಜೆರಾಕ್ಸ್ ಅಂಗಡಿಯ ಮೇಲಿನ ಆಫೀಸು

ಹಳೆಯ ಸಹೋದ್ಯೋಗಿಯೊಬ್ಬರಿಗೆ ಮೂರು ಲಕ್ಷ ಸಾಲ ಕೊಟ್ಟಿದ್ದೆ. ಅವರು ವಾಪಸು ಕೊಟ್ಟ ಚೆಕ್ಕಿನ ಮೇಲಿದ್ದ ತಾರೀಖು ಮಾರ್ಚ್ 5. ಖಾತೆಯಲ್ಲಿ ಹಣವಿಲ್ಲವೆಂಬ ಚೀಟಿಯೊಂದಿಗೆ ಬ್ಯಾಂಕಿನವರು ಅದನ್ನು ನನ್ನ ಕೈಗೆ ಮರಳಿಸಿದ್ದು ಮಾರ್ಚ್ 11. ಮದುವೆಯ ದಿನ ಮರೆತರೂ ಈ ಎರಡು ತಾರೀಖು ಮರೆಯಲಾರೆ.

ಎದುರುಮನೆಯ ಹುಡುಗಿ ಲಾ ಮುಗಿಸಿ, ಇಬ್ಬರು ಸ್ನೇಹಿತರ ಜೊತೆ ಮೈಸೂರಿನ ಚಾಮರಾಜಪುರಂನಲ್ಲಿ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಆಫೀಸು ತೆರೆದಿದ್ದಳು. ಪೂಜೆಗೆ ಹೋಗಿ ಕೇಸರಿಬಾತ್ ತಿಂದು ಬಂದಿದ್ದೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಎರಡು ಲ್ಯಾಪ್‌ಟಾಪು. ದಪ್ಪ ಪುಸ್ತಕಗಳ ಬೀರು ಇರಲಿಲ್ಲ. ಬೀರು ಇಲ್ಲದವರು ಎಂಥ ವಕೀಲರು ಅಂದುಕೊಂಡೆ.

ನಾನು ಹೋದದ್ದು ಹೆಸರಾಂತ ಹಿರಿಯ ವಕೀಲರ ಬಳಿಗೆ. ಎರಡು ಗಂಟೆ ಕಾದೆ, ನಾಲ್ಕು ನಿಮಿಷ ಮಾತಾಡಿದರು. "ಆಯ್ತು, ನೋಟಿಸ್ ಕಳಿಸೋಣ" ಎಂದರು. ನನಗೆ ಕೇಸು ಗೆದ್ದಷ್ಟೇ ಹಿಗ್ಗು. ವಾಕಿಂಗ್ ಗೆಳೆಯರ ಮುಂದೆಲ್ಲ ಅವರ ಹೆಸರು ಹೇಳಿಕೊಂಡು ತಿರುಗಿದೆ.

ಒಂದು ಸಂಜೆ ಗೇಟಿನ ಬಳಿ ಆ ಹುಡುಗಿ, "ಅಂಕಲ್, ನೋಟಿಸ್ ಹೋಯ್ತಾ? ವಾಪಸಾಗಿದ್ದು ಗೊತ್ತಾದ ಮೂವತ್ತು ದಿನದೊಳಗೆ ಹೋಗ್ಬೇಕು" ಎಂದಳು. "ಅಷ್ಟು ದೊಡ್ಡೋರಿಗೆ ಗೊತ್ತಿರಲ್ವೇನಮ್ಮಾ?" ಎಂದು ನಕ್ಕೆ. ಗೊತ್ತಿತ್ತು, ಖಂಡಿತ. ನನ್ನ ಫೈಲು ಯಾವ ಜೂನಿಯರ್ ಮೇಜಿನ ಮೇಲಿದೆ ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಪ್ರಿಲ್ ಕೊನೆಗೆ ಒಬ್ಬರು ಫೈಲು ತಿರುವಿ, "ಟೈಮ್ ಮೀರೋಗಿದೆಯಲ್ಲ ಸರ್" ಎಂದರು, ಬಸ್ಸು ಹೊರಟುಹೋಯಿತು ಎನ್ನುವ ಹಾಗೆ.

ಅವತ್ತೇ ಎದುರುಮನೆಯ ಬಾಗಿಲು ತಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಯಾವ ಮುಖ ಹೊತ್ತು ಹೋಗಲಿ? ಅವಳು ಸ್ಕೂಟರ್ ಆಚೆ ತೆಗೆದರೆ ನಾನು ಪೇಪರ್ ಹಿಡಿದು ಒಳಗೆ ಸರಿಯುತ್ತಿದ್ದೆ. ಅರವತ್ತೆರಡರ ಗಂಡಸು, ಇಪ್ಪತ್ತೇಳರ ಹುಡುಗಿಗೆ ಹೆದರಿ ಇಡೀ ಮೇ ತಿಂಗಳು ಹಾಗೆ ಕಳೆದೆ. ಹೆಂಡತಿ ಬೈದು ಕಳಿಸಿದಾಗ ಜೂನ್ 14.

ಅವಳು ಮೊದಲು ನೋಡಿದ್ದೇ ಚೆಕ್ಕಿನ ತಾರೀಖು. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂಕಲ್, ಚೆಕ್ಕಿಗೆ ಮೂರು ತಿಂಗಳು ಆಯಸ್ಸು. ಅಷ್ಟರೊಳಗೆ ಇನ್ನೊಂದ್ಸಲ ಬ್ಯಾಂಕಿಗೆ ಹಾಕಿದ್ರೆ, ಮತ್ತೆ ವಾಪಸಾದಾಗ ಹೊಸದಾಗಿ ಮೂವತ್ತು ದಿನ ಸಿಗ್ತಿತ್ತು." 2012ರಲ್ಲಿ ಸುಪ್ರೀಂ ಕೋರ್ಟ್ ತನ್ನದೇ ಹಳೆಯ ತೀರ್ಪನ್ನು ಬದಲಿಸಿ ಹಾಗೆ ಹೇಳಿದೆ ಎಂದು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದಳು. ಒಂಬತ್ತು-ಹತ್ತು ದಿನದಲ್ಲಿ ತಪ್ಪಿಹೋಗಿತ್ತು. "ಆವತ್ತೇ ಹೇಳಿದ್ನಲ್ಲ" ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ಉಳಿದದ್ದು ಸಿವಿಲ್ ದಾವೆ. ಸಾಲ ಕೊಟ್ಟು ಮೂರು ವರ್ಷ ಆಗಿರಲಿಲ್ಲ, ಅದೊಂದು ಪುಣ್ಯ. ಚೆಕ್ ಕೇಸಿಗಿರುವ ಜೈಲಿನ ಹೆದರಿಕೆ ಇದಕ್ಕಿಲ್ಲ. ಮೇಲೆ ಕೋರ್ಟ್ ಫೀ ಬೇರೆ.

ಹಿರಿಯರನ್ನು ದೂರಲಾರೆ. ಕೊಲೆ ಕೇಸು ಬಿದ್ದರೆ ಇವತ್ತೂ ಅವರ ಕಾಲೇ ಹಿಡಿದೇನು. ಅವರ ನೂರಾರು ಫೈಲುಗಳ ನಡುವೆ ನನ್ನ ಚೆಕ್ಕು ಒಂದು ಹಾಳೆ; ಈ ಮೂವರಿಗೋ ಆ ತಿಂಗಳ ಬಾಡಿಗೆ. ಕಾಗದಗಳನ್ನು ನನ್ನೆದುರೇ ಎರಡು ಸಲ ಓದಿದರು. ಒಂದು ಪ್ರಶ್ನೆಗೆ ಅವಳು "ಗೊತ್ತಿಲ್ಲ ಅಂಕಲ್, ನೋಡಿ ಹೇಳ್ತೀನಿ" ಎಂದಾಗ ಹಳೇ ಚಾಳಿಯಂತೆ ಮನಸ್ಸು ಅಳುಕಿತು. ಮರುದಿನ ಹಾಲು ತರಲು ಹೊರಟರೆ ಉತ್ತರ ಹಿಡಿದು ಗೇಟಿನಲ್ಲೇ ನಿಂತಿದ್ದಳು.

ದಾವೆಗೆ ಪ್ರತಿ ಬೇಕೆಂದು ಕೆಳಗಿನ ಅಂಗಡಿಗೆ ಚೆಕ್ಕು ಕೊಟ್ಟೆ. ಜೆರಾಕ್ಸ್ ಹುಡುಗ ಗಾಜಿನ ಮೇಲೆ ಅದನ್ನು ಹರಡುತ್ತ, "ಡೇಟ್ ಮುಗ್ದಿದೆಯಲ್ಲ ಸಾರ್, ಇದು ನಡೆಯಲ್ಲ" ಎಂದ.

"ಎರಡು ಕಾಪಿ ಹಾಕಪ್ಪಾ" ಎಂದೆ.